ಇರುವಿ ಕಚ್ಚಿದಂಗ

23 ನವೆಂಬರ್ 2023, ಗುರುವಾರ
ಹಾನಗಲ್ಲ

ಆಸ್ಪತ್ರೆಯಿಂದ ಪತ್ರ ಬಂತು. ಡಿಸೆಂಬರ್ ಎರಡನೇ ವಾರದಲ್ಲಿ ಹತ್ತನೇ ತರಗತಿಯವರಿಗೆ ಟಿ.ಡಿ. ಚುಚ್ಚುಮದ್ದು. ಧನುರ್ವಾಯುವಿಗೂ ಗಂಟಲಮಾರಿಗೂ ಕೂಡಿಯೇ ಒಂದು ಸೂಜಿ. ಹತ್ತನೇ ವಯಸ್ಸಿಗೊಂದು, ಹದಿನಾರನೇ ವಯಸ್ಸಿಗೊಂದು. ಶಾಲೆಯ ಲೆಕ್ಕದಲ್ಲಿ ಐದನೇ ತರಗತಿ, ಹತ್ತನೇ ತರಗತಿ. ಹೆಡ್‌ಮಾಸ್ತರರು ಪತ್ರ ನನ್ನ ಮುಂದಿಟ್ಟು, “ಹುಡುಗೂರಿಗೆ ಒಂದೀಟು ಧೈರ್ಯ ಹೇಳ್ರಿ ಟೀಚರ್” ಅಂದರು.

ಧೈರ್ಯ ಹೇಳುವುದು ಅಂದರೆ ಸಾಕು, 2017ರ ಫೆಬ್ರವರಿ ಕಣ್ಣಮುಂದೆ ಬಂದು ನಿಲ್ಲುತ್ತದೆ. ಆಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ಹದಿನೈದು ವರ್ಷದೊಳಗಿನ ಎಲ್ಲರಿಗೂ, ಹಿಂದೆ ಹಾಕಿಸಿದ್ದರೂ ಮತ್ತೊಮ್ಮೆ. ಮೊಬೈಲಿನಲ್ಲಿ ಇಲ್ಲದ ಸಲ್ಲದ ಸುದ್ದಿ ಹರಿದಾಡುತ್ತಿತ್ತು. ಮೂರನೇ ತರಗತಿಯ ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗಿ ನನ್ನ ಸೆರಗು ಹಿಡಿದು, “ಏನಾರ ಆಗತೈತೇನ್ರಿ ಅಕ್ಕೋರ?” ಅಂತ ಕೇಳಿದಳು. “ಏನೂ ಆಗಂಗಿಲ್ಲವ್ವ, ಇರುವಿ ಕಚ್ಚಿದಂಗ ಅಷ್ಟ” ಅಂದೆ.

ಆ ರಾತ್ರಿ ಅವಳ ತೋಳು ಬಾತು ಜ್ವರ ಬಂತು. ಎರಡು ದಿನಕ್ಕೆ ಇಳಿಯಿತು. ಕೆಲವರಿಗೆ ಹಾಗೆ ಬರುತ್ತದೆ, ಅದು ನನಗೆ ಗೊತ್ತಿತ್ತು, ಹೇಳಿರಲಿಲ್ಲ. ಮರುದಿನ ಅವರವ್ವ ಶಾಲೆಯ ಬಾಗಿಲಲ್ಲಿ ನಿಂತು ಕೇಳಿದ್ದು ಸೂಜಿಯ ಮಾತಲ್ಲ. “ಏನೂ ಆಗಂಗಿಲ್ಲ ಅಂದಿದ್ರಂತಲ್ರಿ?” ಅಷ್ಟೇ ಕೇಳಿ ಹೋದಳು. ಅವಳ ಸಣ್ಣ ಮಗನಿಗೆ ಅಂಗನವಾಡಿಯಲ್ಲಿ ಆ ಲಸಿಕೆ ಹಾಕಿಸಲೇ ಇಲ್ಲ. ನಾನಾಡಿದ ಒಂದು ಸುಳ್ಳಿಗೆ ಒಂದು ಕೂಸು ತಪ್ಪಿಹೋಯಿತು.

ಆ ಹುಡುಗಿ ಈಗ ನನ್ನ ಹತ್ತನೇ ತರಗತಿಯಲ್ಲಿ, ಕಿಟಕಿ ಮಗ್ಗುಲಿನ ಬೆಂಚಿನಲ್ಲಿ ಕೂರುತ್ತಾಳೆ.

ಈ ಸಲ ಧೈರ್ಯ ಬೇಡ, ಪಾಠವನ್ನೇ ಹೇಳುತ್ತೇನೆ. ಬಿ.ಎಡ್. ಕಾಲದ ಗೆಳತಿಯರು ಮೂವರು ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೈಸ್ಕೂಲುಗಳಲ್ಲಿದ್ದಾರೆ. ಅಲ್ಲೂ ಇದೇ ಪತ್ರ ಹೋಗಿದೆ. ರಾತ್ರಿ ಫೋನು ಹಚ್ಚಿ, ನಿಮ್ಮ ಮಕ್ಕಳ ಮುಂದೆಯೂ ಒಂದು ತಾಸು ಮಾತಾಡಲೇ ಅಂತ ಕೇಳಿದೆ. ಮೂವರೂ ಬಾ ಅಂದರು. ಮೂರು ಸಿ.ಎಲ್. ಇದಕ್ಕೇ ಎತ್ತಿಟ್ಟಿದ್ದೇನೆ.

25 ನವೆಂಬರ್, ಶನಿವಾರ
ಹಾನಗಲ್ಲ

ಬೆಳಗಿನ ಶಾಲೆ. ಎಲೆಗೆ ಹಚ್ಚುವ ಸುಣ್ಣವನ್ನು ರಾತ್ರಿಯೇ ನೀರಿನಲ್ಲಿ ಕದಡಿಟ್ಟಿದ್ದೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಂಡೆ. ಅರಿಶಿನದ ನೀರಿನಲ್ಲಿ ಬಿಳಿ ಹಾಳೆ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸಿದ್ದೆ. 42 ಮಕ್ಕಳು, ಚಹಾದ 42 ಕಾಗದದ ಕಪ್ಪು. 41ರಲ್ಲಿ ಅರ್ಧರ್ಧ ನಳದ ನೀರು, ಒಂದರಲ್ಲಿ ಮಾತ್ರ ಸುಣ್ಣದ ತಿಳಿ. ಕಣ್ಣಿಗೆ ಎರಡೂ ಒಂದೇ. ಕುಡಿಯಬಾರದು, ಕಣ್ಣಿಗೆ ತಾಗಿಸಬಾರದು ಎಂದು ಮೂರು ಸಲ ಹೇಳಿ ಕಪ್ಪು ಹಂಚಿದೆ. ಆ ಒಂದು ಕಪ್ಪು ಯಾರ ಕೈಗೆ ಹೋಯಿತೆಂದು ಅವರಿಗೆ ಗೊತ್ತಿಲ್ಲ.

ಪ್ರತಿ ಸುತ್ತಿಗೆ ಒಬ್ಬರು ಇನ್ನೊಬ್ಬರ ಹತ್ತಿರ ಹೋಗಿ, ತಮ್ಮ ನೀರನ್ನೆಲ್ಲ ಅವರ ಕಪ್ಪಿಗೆ ಸುರಿದು, ಅರ್ಧ ತಿರುಗಿ ಹಾಕಿಸಿಕೊಳ್ಳಬೇಕು. ನಾಲ್ಕು ಸುತ್ತು. ಆಮೇಲೆ ಎಲ್ಲರ ಕೈಗೂ ಅರಿಶಿನದ ಪಟ್ಟಿ ಕೊಟ್ಟೆ. ಮುಂದಿನ ಬೆಂಚಿನವಳ ಹಳದಿ ಪಟ್ಟಿಯ ತುದಿ ನೀರಿಗೆ ತಾಗಿದ್ದೇ ತಡ, ಕೆಂಪಾಯಿತು; ಆ ಕೆಂಪು ಕಾಗದದ ನಾರು ಹಿಡಿದು ನಿಧಾನಕ್ಕೆ ಮೇಲೇರಿತು. “ಓಕುಳಿ!” ಎಂದು ಯಾರೋ ಕೂಗಿದರು. ನಿಜವೇ, ಓಕುಳಿಗೂ ಇದೇ ಅರಿಶಿನ, ಇದೇ ಸುಣ್ಣ. ಎಣಿಸಿದಾಗ 14 ಪಟ್ಟಿ ಕೆಂಪಾಗಿದ್ದವು. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಎಂಟು ಹದಿನಾರಾಗಬೇಕಿತ್ತು. ಎರಡು ಕಮ್ಮಿ ಯಾಕೆಂದು ಅವರೇ ಹುಡುಕಿ ಹೇಳಿದರು: ಕೆಂಪಿನವರು ಕೆಂಪಿನವರ ಜೊತೆಗೇ ಬದಲಿಸಿಕೊಂಡಿದ್ದರು.

ಇಲ್ಲಿಯವರೆಗೆ ಪಾಠ ಚೆನ್ನಾಗಿತ್ತು. ಆಮೇಲೆ ನಾನು ಒಂದು ತಪ್ಪು ಮಾಡಿದೆ. “ಮೊದಲ ಕಪ್ಪು ಯಾರದಿತ್ತು, ಹುಡುಕಿ” ಅಂದುಬಿಟ್ಟೆ. ಬೋರ್ಡಿನ ಮೇಲೆ ಯಾರು ಯಾರ ಜೊತೆ ಎಂದು ಗೆರೆ ಎಳೆಯುತ್ತ ಹೋದರು. ಗೆರೆಗಳು ಮೊದಲ ಸುತ್ತಿನ ಒಂದು ಜೋಡಿಗೆ ಬಂದು ನಿಂತವು. ಅವರಲ್ಲಿ ಒಬ್ಬ ಹುಡುಗನ ಮೇಲೆ ಅನುಮಾನ ಬಿತ್ತು. “ಇವನ ರೀ ಹಚ್ಚಿದಾಂವ!” ಎಂದು ಇಡೀ ತರಗತಿ ಅವನ ಕಡೆ ತಿರುಗಿತು. ಪಕ್ಕದವನು ಬೆಂಚಿನಲ್ಲಿ ಸರಿದು ಕೂತ. ಹುಡುಗ ಕಪ್ಪನ್ನು ಕೆಳಗಿಟ್ಟು ತಲೆ ತಗ್ಗಿಸಿದ. 2020ರಲ್ಲಿ, ಕೊರೊನಾ ಕಾಲದಲ್ಲಿ, ಅವರ ಓಣಿಗೆ ಬಿದಿರು ಕಟ್ಟಿದ್ದು, ಕಿರಾಣಿ ಅಂಗಡಿಯವನು ಅವರಿಗೆ ಸಾಮಾನು ಕೊಡದೆ ಇದ್ದದ್ದು ನನಗೆ ಗೊತ್ತು. ನಾನೇ ಆ ಬಿದಿರನ್ನು ಮತ್ತೆ ಕಟ್ಟಿದಂತಾಯಿತು.

ಅವನ ಹತ್ತಿರ ಹೋಗಿ, ಕಪ್ಪು ಕೊಟ್ಟವಳು ನಾನು, ಒಳಗೇನಿದೆ ಎಂದು ಅವನಿಗೆ ತಿಳಿದಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ರೋಗ ಹತ್ತಿದವರಿಗೂ ಹೀಗೆಯೇ ತಿಳಿದಿರುವುದಿಲ್ಲ. ದಡಾರದವನು ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲಿಂದಲೇ ಹಚ್ಚುತ್ತಿರುತ್ತಾನೆ. ಬೋರ್ಡು ಒರೆಸಿದೆ. ಉಳಿದ ಮೂರು ಊರುಗಳಲ್ಲಿ ಮೊದಲ ಕಪ್ಪನ್ನು ನಾನೇ ಹಿಡಿಯುತ್ತೇನೆ.

ಆಮೇಲೆ ಇನ್ನೊಂದು ಸಲ ಆಡಿದೆವು. ಈಗ 40 ಕಪ್ಪುಗಳ ಮೇಲೆ ರಟ್ಟಿನ ಮುಚ್ಚಳ, ಅದೇ ಲಸಿಕೆ. ಅವರು ಎಲ್ಲರ ಹತ್ತಿರ ಹೋಗಬಹುದು, ನೀರು ಬದಲಿಸುವಂತಿಲ್ಲ. ತೆರೆದ ಕಪ್ಪು ಎರಡೇ: ಒಂದು ಸುಣ್ಣದ್ದು, ಇನ್ನೊಂದು ನೀರಿನದು. ನಾಲ್ಕು ಸುತ್ತು ಮುಗಿದರೂ ಆ ಎರಡು ಕಪ್ಪು ಎದುರಾಗಲಿಲ್ಲ. ಕೆಂಪಾದದ್ದು ಒಂದೇ ಪಟ್ಟಿ. ದಡಾರಕ್ಕೆ ನೂರರಲ್ಲಿ 95 ಜನಕ್ಕೆ ಮುಚ್ಚಳ ಬೇಕು, ಯಾಕೆಂದರೆ ಯಾರಿಗೂ ರಕ್ಷೆ ಇಲ್ಲದ ಊರಿನಲ್ಲಿ ಒಬ್ಬನಿಂದ 12ರಿಂದ 18 ಜನಕ್ಕೆ ಅದು ಹತ್ತಬಲ್ಲದು. ನಮ್ಮ 42ರಲ್ಲಿ 40 ಅಂದರೆ ಹೆಚ್ಚುಕಡಿಮೆ ಅದೇ ಲೆಕ್ಕ. “ಆ ಇನ್ನೊಂದು ನೀರಿನ ಕಪ್ಪು ಯಾರ್ರಿ ಟೀಚರ್?” ಎಂದು ಕಿಟಕಿಯ ಹುಡುಗಿ ಕೇಳಿದಳು. ಒಂಬತ್ತು ತಿಂಗಳು ತುಂಬದ ಕೂಸು ಅಂದೆ. ಅದಕ್ಕೆ ದಡಾರದ ಲಸಿಕೆಯ ವಯಸ್ಸು ಇನ್ನೂ ಆಗಿಲ್ಲ. ಅವಳು ಬರೆದುಕೊಂಡಳು.

28 ನವೆಂಬರ್, ಮಂಗಳವಾರ
ಶಿಗ್ಗಾವಿಯಿಂದ ಬಂದು

ಬೆಳಿಗ್ಗೆ ಬಂಕಾಪುರದ ಮೇಲೆ ಹೋಗುವ ಬಸ್ಸು. ಕಂಡಕ್ಟರು ಹೆಂಗಸರ ಉಚಿತ ಪ್ರಯಾಣದ ಸೊನ್ನೆ ಟಿಕೆಟು ಹರಿದು ಕೊಟ್ಟರು. ಈ ವರ್ಷ ಮಳೆ ಕೈಕೊಟ್ಟಿದ್ದು ದಾರಿಯುದ್ದಕ್ಕೂ ಕಾಣುತ್ತದೆ. ಗೋವಿನಜೋಳದ ಹೊಲಗಳಲ್ಲಿ ಕಣಕಿಯೂ ಆಳೆತ್ತರಕ್ಕೆ ಬಂದಿಲ್ಲ. ದನಕ್ಕೆ ಮೇವು ಎಲ್ಲಿಂದ ತರುತ್ತಾರೋ ಎಂದುಕೊಳ್ಳುತ್ತ ಹೋದೆ. ಇವತ್ತಿನ ಪಾಠ ದನದ ಮೇಲೆಯೇ ಹರಿಯಿತು.

ಲಸಿಕೆ ಅಂದರೇನು ಎಂದು ಕೇಳಿದ್ದಕ್ಕೆ ಹುಡುಗರು ಪುಸ್ತಕದ ವ್ಯಾಖ್ಯೆ ಒಪ್ಪಿಸಿದರು. ಅದನ್ನು ಬಿಟ್ಟು, ನಿಮ್ಮ ಮನೆಯಲ್ಲಿ ಕಡೆಗೆ ಸೂಜಿ ಹಾಕಿಸಿಕೊಂಡವರು ಯಾರು ಅಂದೆ. “ನಮ್ಮ ಆಕಳ್ರಿ” ಅಂದ ಒಬ್ಬ. ನಗು ಬರಲಿಲ್ಲ ಯಾರಿಗೂ. ಹೋದ ವರ್ಷ ಚರ್ಮಗಂಟು ರೋಗ ಈ ಜಿಲ್ಲೆಯ ಕೊಟ್ಟಿಗೆಗಳನ್ನು ಹೇಗೆ ಹೊಕ್ಕಿತ್ತು ಎಂಬುದು ಅವರ ಮುಖದಲ್ಲೇ ಇತ್ತು. ಆ ಹುಡುಗನ ಮನೆಯಲ್ಲಿ ಎರಡು ಎತ್ತಿಗೂ ಬಂದಿತ್ತಂತೆ. ಮೈತುಂಬ ಗಂಟು, ಕಾಲಿಗೆ ಬಾವು, ಮೇವು ಮುಟ್ಟುತ್ತಿರಲಿಲ್ಲ. ಒಂದು ಉಳಿಯಿತು. ಗಂಟು ಒಡೆದ ಜಾಗದಲ್ಲಿ ಅದಕ್ಕೆ ಇನ್ನೂ ಕೂದಲು ಬಂದಿಲ್ಲ ಎಂದು ತನ್ನ ಅಂಗೈ ಅಗಲ ಮಾಡಿ ತೋರಿಸಿದ.

“ಆಕಳಿಗೆ ಯಾವ ಲಸಿಕಿ ಹಾಕಿದ್ರು, ಗೊತ್ತೈತೇನು?”

“ಆಡಿಂದ್ರಿ. ದನದ ಡಾಕ್ಟರು ಹೇಳಿದ್ರು. ಆಡಿನ ಸಿಡುಬಿಂದು.”

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಹುಡುಗ ಹೇಳಿದ್ದು ಸರಿ. ಚರ್ಮಗಂಟು ರೋಗದ ವೈರಸ್ಸೂ ಆಡಿನ ಸಿಡುಬಿನ ವೈರಸ್ಸೂ ಹತ್ತಿರದ ದಾಯಾದಿಗಳು. ಹಾಗಾಗಿ ಆಡಿಗೆಂದು ಮಾಡಿದ ಲಸಿಕೆಯನ್ನೇ 2022ರಲ್ಲಿ ದನಗಳಿಗೆ ಹಾಕಿದರು. ನಾನು 1796ರ ಇಂಗ್ಲೆಂಡಿನ ಕತೆ ಹೇಳಬೇಕೆಂದು ಬಂದವಳು. ಹಾಲು ಕರೆಯುವವಳ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನ ತೋಳಿಗೆ ಹಚ್ಚಿದ್ದು, ಅವನನ್ನು ಆಮೇಲೆ ಮನುಷ್ಯರ ಸಿಡುಬು ಮುಟ್ಟದೆ ಹೋದದ್ದು. ಆಕಳಿಗೆ ಲ್ಯಾಟಿನ್ ಭಾಷೆಯಲ್ಲಿ ‘ವಾಕಾ’ ಎನ್ನುತ್ತಾರೆ, ವ್ಯಾಕ್ಸೀನ್ ಎಂಬ ಹೆಸರು ಅದರಿಂದ ಬಂತು. ಇದನ್ನೆಲ್ಲ ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಪ್ರತಿ ವರ್ಷ ಮರೆಯುತ್ತಾರೆ. ಇವತ್ತು ಹಾಗಾಗಲಿಲ್ಲ. ಅಂದು ದನದ ಸಿಡುಬು ಮನುಷ್ಯನನ್ನು ಕಾಯಿತು, ಹೋದ ವರ್ಷ ಆಡಿನ ಸಿಡುಬು ಇವರ ದನವನ್ನು ಕಾಯಿತು. ಇನ್ನೂರ ಇಪ್ಪತ್ತಾರು ವರ್ಷಗಳ ಅಂತರವನ್ನು ಈ ಹುಡುಗ ತನ್ನ ಕೊಟ್ಟಿಗೆಯಲ್ಲಿ ನಿಂತೇ ದಾಟಿದ್ದ.

“ಹಂಗಾರ ನಮ್ಮಪ್ಪ ಎತ್ತಿಗೆ ಹಾಕಿಸಿದಾಂವ ನನಗ್ಯಾಕ ಬ್ಯಾಡ ಅಂತಾನ್ರಿ?” ಎಂದು ಹಿಂದಿನಿಂದ ಇನ್ನೊಬ್ಬ ಕೇಳಿದ. ನಾನು ಉತ್ತರ ಕೊಡಲಿಲ್ಲ. ಮನೆಗೆ ಹೋಗಿ ಅಪ್ಪನನ್ನೇ ಕೇಳು ಅಂದೆ.

2 ಡಿಸೆಂಬರ್, ಶನಿವಾರ
ಸವಣೂರು

ಗೆಳತಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ದೊಡ್ಡ ಹುಣಸೆ ಮರಗಳನ್ನು ನೋಡಿ ಬಂದೆವು. ಮನಸ್ಸು ಇನ್ನೂ ಬೆಳಗಿನ ತರಗತಿಯಲ್ಲೇ ಇದೆ.

ಪ್ಲೇಗಿನ ಪಾಠ ಹೇಳಿದೆ. ಪ್ಲೇಗು 1896ರಲ್ಲಿ ಮುಂಬೈಗೆ ಬಂದಾಗ ಸವಣೂರು ನವಾಬರ ಸಂಸ್ಥಾನ. ಹಾನಗಲ್ಲ, ಬಂಕಾಪುರ, ಕೋಡ ತಾಲೂಕುಗಳು ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯವು. ಇಂದಿನ ಶಿಗ್ಗಾವಿ ಆಗ ಬಂಕಾಪುರ ತಾಲೂಕು, ಹಿರೇಕೆರೂರು ಕೋಡ ತಾಲೂಕು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದೇನು ಮೂಢತನವಲ್ಲ, ಇಲಿ, ಚಿಗಟ ಇದ್ದದ್ದು ಊರೊಳಗಿನ ಮನೆಗಳಲ್ಲಿ. ಒಡೆಸ್ಸಾದಲ್ಲಿ ಹುಟ್ಟಿದ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಗಟ್ಟಲೆ ಜನ ಅದನ್ನು ಹಾಕಿಸಿಕೊಂಡರು. ಇಲ್ಲಿಂದ ಹುಬ್ಬಳ್ಳಿ ಏನು ಮಹಾ ದೂರ!

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಒಬ್ಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ಉರ್ದು ಆಡುವವಳು, ಕನ್ನಡವನ್ನು ಅಳೆದು ತೂಗಿ ಮಾತಾಡಿದಳು. “ಸೂಜಿಯಿಂದ ಯಾರೂ ಸತ್ತೇ ಇಲ್ಲೇನ್ರಿ ಟೀಚರ್?”

ಗೆಳತಿ ನನ್ನ ಮುಖ ನೋಡಿದಳು. ಆರು ವರ್ಷದ ಹಿಂದಾಗಿದ್ದರೆ “ಇಲ್ಲ” ಅಂದುಬಿಡುತ್ತಿದ್ದೆ.

ಸತ್ತಿದ್ದಾರೆ ಅಂದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಅದೇ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನ ತೀರಿಕೊಂಡರು. ಹತ್ತೊಂಬತ್ತು ಜನಕ್ಕೂ ಒಂದೇ ಬಾಟಲಿಯಿಂದ ಹಾಕಿದ್ದು. ತಪ್ಪೆಲ್ಲ ಹಾಫ್‌ಕಿನ್ ತಲೆಗೆ ಕಟ್ಟಿದರು, ಕೆಲಸದಿಂದ ತೆಗೆದರು. ಆಮೇಲೆ ನಿಜ ಹೊರಬಿತ್ತು: ಹಳ್ಳಿಯಲ್ಲಿ ಆ ಬಾಟಲಿಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧ ಮಾಡದೆ ಅದನ್ನೇ ಬಳಸಿದ್ದರು. ಅವನ ಮೇಲಿನ ಕಳಂಕ ಕಳೆಯಲು 1907 ಬರಬೇಕಾಯಿತು.

“ಅವರು ಯಾವ ರೋಗದಿಂದ ಸತ್ತರು ಗೊತ್ತೇ? ಪ್ಲೇಗಿನಿಂದಲ್ಲ, ಲಸಿಕೆಯಿಂದಲೂ ಅಲ್ಲ. ನೆಲದ ಮಣ್ಣಿನಿಂದ ಬಂದ ಧನುರ್ವಾಯುವಿನಿಂದ. ಮುಂದಿನ ವಾರ ನಿಮ್ಮ ತೋಳಿಗೆ ಹಾಕುವ ಸೂಜಿ ಆ ಧನುರ್ವಾಯುವನ್ನು ತಡೆಯೋದು.”

ತರಗತಿ ಗಪ್ಪಾಯಿತು. ಈಗ ಸಿರಿಂಜು ಒಬ್ಬರಿಗೆ ಒಂದೇ, ಒಮ್ಮೆ ಒತ್ತಿದರೆ ಅದರ ದಂಡ ತಿರುಗಿ ಹಿಂದಕ್ಕೆ ಬಾರದಂತೆ ಬೀಗ ಬೀಳುತ್ತದೆ ಎಂದು ವಿವರಿಸಿದೆ. ಆ ಹುಡುಗಿ ಕೂರಲಿಲ್ಲ. “ನೀವು ನಿಜ ಹೇಳಿದ್ರಿ” ಅಂದಳು. ಆಮೇಲೆ ಕೂತಳು. ಕ್ಲಾಸು ಮುಗಿದ ಮೇಲೆ ಗೆಳತಿ, “ಅಷ್ಟೆಲ್ಲ ಹೇಳಬಾರದಿತ್ತೇನೋ, ಹೆದರಿದರೆ?” ಅಂದಳು. ಹೆದರಿದವರಿಗೆ ಉತ್ತರ ಕೊಡಬಹುದು, ಮೋಸ ಹೋದೆ ಎಂದುಕೊಂಡವರಿಗೆ ಏನು ಹೇಳಲಿ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ರಾತ್ರಿ ಊಟಕ್ಕೆ ಸವಣೂರು ಖಾರ ಹಾಕಿದಳು, ಮಾತು ಬೇರೆ ಕಡೆ ಹೋಯಿತು.

4 ಡಿಸೆಂಬರ್, ಸೋಮವಾರ
ಹಾನಗಲ್ಲ

ಅತ್ತೆಗೆ ಮುಲ್ಕೋವಾಲದ ಕತೆ ಹೇಳಿದೆ. ಅವರು ತಮ್ಮ ಕೆನ್ನೆ ಮುಟ್ಟಿಕೊಂಡರು. ಏಳು ವರ್ಷದವರಿದ್ದಾಗ ಬಂದ ಸಿಡುಬಿನ ಕಲೆಗಳು. “ಡಾಕು ಹಾಕಾಂವ ಬಂದಾಗ ನಮ್ಮವ್ವ ನನ್ನ ಬಣವಿ ಹಿಂದ ಕುಂದ್ರಿಸಿದ್ಲು. ತಂಗಿ ಸಣ್ಣಾಕಿ, ಸಿಕ್ಕಿಬಿದ್ಲು.” ತಂಗಿಯ ತೋಳಿನಲ್ಲಿ ಗುಂಡನೆಯ ಒಂದೇ ಕಲೆ, ಮುಖ ತಿಳಿಯಾಗಿದೆ. ಅವ್ವನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. “ಆಕಿಗೆ ಯಾರೂ ಕುಂದ್ರಿಸಿಕೊಂಡು ಹೇಳಿರಲಿಲ್ಲವ್ವ. ಡಾಕಿನಾಂವ ಪೊಲೀಸನಂಗ ಬರ್ತಿದ್ದ” ಅಂದರು.

ದೇಶದಲ್ಲಿ ಸಿಡುಬಿನ ಕಡೆಯ ಪ್ರಕರಣ 1975ರದು. 1980ರ ಮೇ ತಿಂಗಳಲ್ಲಿ ಜಗತ್ತಿನಿಂದಲೇ ಹೋಯಿತೆಂದು ಸಾರಿದರು. ನನ್ನ ಮಕ್ಕಳಿಗೆ ಆ ರೋಗ ತೋರಿಸಬೇಕೆಂದರೆ ಈಗ ಅತ್ತೆಯ ಕೆನ್ನೆಯೇ ಗತಿ. ಅವರು ಶಾಲೆಗೆ ಬರಲು ಒಪ್ಪಲಿಲ್ಲ. ಒತ್ತಾಯ ಮಾಡಲಿಲ್ಲ.

7 ಡಿಸೆಂಬರ್, ಗುರುವಾರ
ಹಿರೇಕೆರೂರಿನಿಂದ ಬಂದು

ತಿಳವಳ್ಳಿ ದಾಟುವಾಗ ರಸ್ತೆಯ ಬದಿಯ ಮರದಲ್ಲಿ ಮುಸಿಯಗಳ ಹಿಂಡು ಕಂಡಿತು. ನಮ್ಮ ತಾಲೂಕಿನ ಗಡಿಗೆ ಸೊರಬ, ಹಿರೇಕೆರೂರಿನ ಗಡಿಗೆ ಶಿಕಾರಿಪುರ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೇ ಜನಕ್ಕೆ ಜ್ವರ ಬಂದು, ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಹಿರೇಕೆರೂರಿನ ಮಕ್ಕಳಿಗೆ ಇದು ದೂರದ ಕತೆಯಲ್ಲ. ಕೆಲವರ ಸಂಬಂಧಿಕರು ಆ ಸೀಮೆಯವರೇ.

ಹರಡುವ ರೋಗವೆಲ್ಲ ಸುಣ್ಣದ ತಿಳಿನೀರಿನಂತೆ ಕಪ್ಪಿನಿಂದ ಕಪ್ಪಿಗೆ ಹೋಗುವುದಿಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಂಗನ ಕಾಯಿಲೆ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಬಾರದು, ಹೆಚ್ಚಾಗಿ ಉಣ್ಣೆ ಕಚ್ಚಿ ಬರುವುದು. ಧನುರ್ವಾಯುವೂ ಹಾಗೇ, ಮಣ್ಣು ಸಗಣಿಯಿಂದ ಗಾಯಕ್ಕೆ ಇಳಿಯುವಂಥದ್ದು. ಇಡೀ ಊರು ಮುಚ್ಚಳ ಹಾಕಿಕೊಂಡರೂ ಹಾಕಿಕೊಳ್ಳದವನಿಗೆ ಅದರಿಂದ ರಕ್ಷೆ ಇಲ್ಲ. ಗಂಟಲಮಾರಿ ಮಾತ್ರ ಉಸಿರಿನ ಹನಿಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಎಳೆತನದಲ್ಲಿ ಹಾಕಿಸಿದ ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ, ಅದಕ್ಕೇ ಹತ್ತಕ್ಕೊಂದು, ಹದಿನಾರಕ್ಕೊಂದು.

“ಮಂಗನ ಕಾಯಿಲೆಗೂ ಸೂಜಿ ಇತ್ತಲ್ರಿ, ನಮ್ಮ ಮಾವ ಮೂರು ಸಲ ಹಾಕಿಸ್ಕೊಂಡಿದ್ದ” ಎಂದ ಒಬ್ಬ. ಇತ್ತು. 2022ರಲ್ಲಿ ನಿಲ್ಲಿಸಿದರು, ಪರೀಕ್ಷೆಯಲ್ಲಿ ಅದರ ಕಸುವು ಸಾಲದೆಂದು ತಿಳಿಯಿತು. ಹೊಸದನ್ನು ಮಾಡುವ ಕೆಲಸ ನಡೆದಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರಿಗೆ ಉಣ್ಣೆ ಹತ್ತದ ಎಣ್ಣೆ, ಮೈತುಂಬ ಬಟ್ಟೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಮಂಗ ಸತ್ತದ್ದು ಕಂಡರೆ ಆಸ್ಪತ್ರೆಗೆ ಸುದ್ದಿ. ಒಂದು ಲಸಿಕೆ ಕೆಲಸಕ್ಕೆ ಬರಲಿಲ್ಲ ಎಂದು ಒಪ್ಪಿದ ಮೇಲೆ ಇನ್ನೊಂದನ್ನು ಹಾಕಿಸಿಕೊಳ್ಳಿ ಎನ್ನಲು ಅಳುಕಿತ್ತು. ಮಕ್ಕಳಿಗೆ ಆ ಅಳುಕು ಇರಲಿಲ್ಲ. “ಪರೀಕ್ಷಾ ಮಾಡಿ ಬಿಟ್ರು ಅಂದ್ರ, ಉಳಿದವು ಪಾಸಾದವು ಅಂತಲ್ರಿ” ಅಂದ ಅದೇ ಹುಡುಗ.

13 ಡಿಸೆಂಬರ್, ಬುಧವಾರ
ಹಾನಗಲ್ಲ, ರಾತ್ರಿ

ಬೆಳಿಗ್ಗೆ ಹತ್ತಕ್ಕೆ ಸಿಸ್ಟರ್ ಬಂದರು, ಜೊತೆಗೆ ಆಶಾ ಕಾರ್ಯಕರ್ತೆ. ಹೆಗಲಿಗೆ ನೀಲಿ ಲಸಿಕೆ ಪೆಟ್ಟಿಗೆ. ಮಕ್ಕಳ ಮುಂದೆಯೇ ತೆರೆದು ತೋರಿಸಿ ಎಂದು ಕೇಳಿಕೊಂಡಿದ್ದೆ. ನಾಲ್ಕು ಬದಿಗೆ ನಾಲ್ಕು ಐಸ್‌ಪ್ಯಾಕು. ಸಿಸ್ಟರ್ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು, ಒಳಗೆ ನೀರು ಕುಲುಕುವ ಸದ್ದು. ಆ ಸದ್ದು ಬರಬೇಕು. ಪೂರ್ತಿ ಕಲ್ಲಾಗಿದ್ದರೆ ಟಿ.ಡಿ. ಹೆಪ್ಪುಗಟ್ಟಿ ಕೆಡುತ್ತದೆ. ಇದಕ್ಕೆ 2ರಿಂದ 8 ಡಿಗ್ರಿ ತಂಪು ಸಾಕು. ಸೀಸೆಯ ಚೀಟಿಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿಯಾದ ಪುಟ್ಟ ಚೌಕ. ಬಿಸಿ ತಾಕಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ, ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆ ಬಿಸಾಡಬೇಕು. ಸೀಸೆ ಕೈಯಿಂದ ಕೈಗೆ ಹೋಗಲಿಲ್ಲ, ಸಿಸ್ಟರ್ ಹಿಡಿದೇ ಸಾಲಿನುದ್ದಕ್ಕೂ ತೋರಿಸಿದರು. ಚೌಕ ತಿಳಿಯಾಗಿಯೇ ಇತ್ತು.

ಬೋರ್ಡಿನ ಮೇಲೆ ನಾನು ನಿನ್ನೆಯೇ ಬರೆದಿದ್ದೆ: ಚುಚ್ಚಿದಾಗ ನೋವು. ಸಂಜೆಗೆ ತೋಳು ಭಾರ, ಕೆಲವರಿಗೆ ಬಾವು. ಕೆಲವರಿಗೆ ಜ್ವರ, ಒಂದೆರಡು ದಿನ. ಹೆದರಿಕೆಗೆ ತಲೆ ಸುತ್ತಬಹುದು, ತಿಂಡಿ ತಿಂದು ಬನ್ನಿ. ಹಾಕಿಸಿಕೊಂಡ ಮೇಲೆ ಅರ್ಧ ತಾಸು ಇಲ್ಲೇ ಕೂತಿರಿ. ಉಸಿರು ಕಟ್ಟುವಂಥದ್ದು ಬಲು ಅಪರೂಪ, ಬಂದರೆ ಹೆಚ್ಚಾಗಿ ಬರುವುದು ಆ ಅರ್ಧ ತಾಸಿನಲ್ಲೇ, ಅದಕ್ಕೆ ಮದ್ದು ಸಿಸ್ಟರ್ ಹತ್ತಿರ ಇದೆ. ಎಲ್ಲರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಮನೆಯಲ್ಲಿ ಓದಿ ಹೇಳಿದ್ದರು. ಕಿಟಕಿಯ ಹುಡುಗಿ ತನ್ನ ಹಾಳೆಯ ಕೆಳಗೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದಳು.

ಅವಳ ಪಾಳಿ ಬಂತು. ತೋಳು ಮಡಚಿ ನಿಂತು ನನ್ನ ಕಡೆ ತಿರುಗಿದಳು. “ಇರುವಿ ಕಚ್ಚಿದಂಗ ಅನ್ನಂಗಿಲ್ಲೇನ್ರಿ ಟೀಚರ್?”

ಇಷ್ಟು ವರ್ಷ ಅವಳೂ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. “ಇಲ್ಲವ್ವ. ನೋಯತೈತಿ. ಹಿಂದಿನಂಗ ಜ್ವರನೂ ಬರಬಹುದು. ಅವತ್ತು ನಾ ಸುಳ್ಳು ಹೇಳಿದ್ದೆ” ಅಂದೆ. ಅವಳು ಏನೂ ಅನ್ನದೆ ಸಿಸ್ಟರ್ ಕಡೆ ತೋಳು ಚಾಚಿದಳು.

ಒಬ್ಬ ಹುಡುಗ ತಲೆ ಸುತ್ತಿ ಕೂತ, ನೀರು ಕುಡಿಸಿ ಮಲಗಿಸಿದೆವು, ಹತ್ತು ನಿಮಿಷಕ್ಕೆ ಎದ್ದ. ಬಂದವರು 41, ಹಾಕಿಸಿಕೊಂಡವರು 39. ಇಬ್ಬರ ಮನೆಯವರು ಒಪ್ಪಲಿಲ್ಲ. ಭಾನುವಾರ ಅವರ ಮನೆಗಳಿಗೆ ಹೋಗಬೇಕು.

ರಾತ್ರಿ ಒಂಬತ್ತೂವರೆಗೆ ಫೋನು ಬಂತು. ಆರು ವರ್ಷದ ಮೇಲೆ ಆ ದನಿ ಕೇಳಿದೆ.

“ಜ್ವರ ಬಂದೈತ್ರಿ. ಹಾಳಿಯೊಳಗ ನೀವು ಬರೆಸಿದಂಗನ. ಸಿಸ್ಟರ್ ಕೊಟ್ಟ ಗುಳಿಗಿ ಊಟದ ಮ್ಯಾಲ ಕೊಡ್ಲೇನ್ರಿ?”

ಕೊಡಿ, ನೀರು ಹೆಚ್ಚು ಕುಡಿಸಿ, ನಾಳೆ ಸಂಜೆಗೂ ಇಳಿಯದಿದ್ದರೆ ಕರೆತನ್ನಿ ಅಂದೆ. ಫೋನು ಇಡಲಿಲ್ಲ ಆಕೆ. ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು.

“ಸಣ್ಣಾಂವ ಐದನೇತ್ತ ಅದಾನ್ರಿ. ಶುಕ್ರವಾರ ಅವರ ಸಾಲಿಗೆ ಬರ್ತಾರಂತ. ಅವಂಗೂ ಜ್ವರ ಬರತೈತೇನ್ರಿ?”

“ಬರಬಹುದ್ರಿ” ಅಂದೆ.

“ಹೂಂ” ಅಂದಳು.